ಸೋಫಾದವರು, ಚಾಪೆಯವರು, ನಾನು

ನಾನು ಓದಿದ್ದು ನಾಕನೇ ಇಯತ್ತೆ. ಅಮೆರಿಕದ ಸರಕಾರ ಹೆಂಗೆ ನಡೆಯುತ್ತದೆ ಅನ್ನೋದು ನನಗೆ ಬೇಕಾಗಿರಲಿಲ್ಲ. ಬೇಕಾಗಿದ್ದು ನನ್ನ ಸೊಸೆಗೆ. ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಳ್ಳೋ ಮೇಜಿನ ಹಿಂದೆ ಹನ್ನೊಂದು ವರ್ಷ ಕೂತವಳು, ನಲವತ್ತು ದಾಟಿದ ಮೇಲೆ ಶಾಲೆಯಲ್ಲಿ ಕಲಿಸ್ತೀನಿ ಅಂತ ಆ ಕೆಲಸ ಬಿಟ್ಟಳು. ತರಬೇತಿಗೆ ಹಾಕಿದ ಶಾಲೆಯಲ್ಲಿ ಹದಿನೇಳು ವರ್ಷದ ಮಕ್ಕಳಿಗೆ ರಾಜಕೀಯ ಹೇಳಬೇಕು, ಅದರಲ್ಲಿ ಒಂದು ಭಾಗ ಅಮೆರಿಕದ್ದು. ಲಂಡನ್ನಿನ ಮಕ್ಕಳಿಗೆ ಅದ್ಯಾಕೆ ಅಂತ ಕೇಳಿದೆ. ಪರೀಕ್ಷೆಯಲ್ಲಿ ಬರುತ್ತದೆ ಅಂದಳು. ಅಲ್ಲಿಗೆ ಮುಗೀತು.

ಅವಳು ಪಾಠ ಮಾಡೋದನ್ನ ನೋಡಲು ಹಿರಿಯ ಟೀಚರು, ದೊಡ್ಡ ಅಕ್ಕೋರು ಒಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ಮಕ್ಕಳು ಆಕಳಿಸುತ್ತಿದ್ದರು, ನೀವೊಬ್ಬರೇ ಮಾತಾಡಿದಿರಿ ಅಂತ ಬರೆದುಕೊಟ್ಟರು. ಮುಂದಿನ ಗುರುವಾರ ಇನ್ನೊಮ್ಮೆ ಬರುತ್ತಾರೆ. ಅದೂ ಕೆಟ್ಟರೆ ತರಬೇತಿ ಪಾಸಿಲ್ಲ. ಆಸ್ಪತ್ರೆಯ ಕುರ್ಚಿಯಲ್ಲಿ ಆಗಲೇ ಬೇರೆ ಯಾರೋ ಕೂತಾಗಿದೆ. ನನ್ನ ಮಗ, ಸಾಕು ಬಿಟ್ಟುಬಿಡು ಅಂದ. ಬಿಡೂದಿಲ್ಲ ಅಂದಳು. ಮದುವೆಯಾಗಿ ಬಂದಾಗಿನಿಂದ ಅವಳ ಬಾಯಿಂದ ನನಗೆ ಹಿಡಿಸಿದ ಮಾತು ಅದೊಂದೇ.

ಶುಕ್ರವಾರ ಸಂಜೆ ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಕಾಗದದ ಕಟ್ಟು ಹಿಡಿದು ಎದುರಿಗೆ ಕೂತಳು.

"ಅತ್ತ್ಯಾರ, ನಿಮಗ ಪಾಠ ಹೇಳ್ತೀನಿ. ತಿಳೀದಿದ್ರ ತಿಳೀಲಿಲ್ಲ ಅನ್ರಿ."

"ಅನ್ನದೆ ಬಿಟ್ಟೇನು?"

ಹೇಳಿದಳು. ಕಾಯ್ದೆ ಮಾಡೋಕೆ ಎರಡು ಮನೆ, ಒಂದು ಸಣ್ಣದು, ಒಂದು ದೊಡ್ಡದು. ಎರಡೂ ಒಪ್ಪಬೇಕು. ಆಮೇಲೆ ಅಧ್ಯಕ್ಷ ಒಪ್ಪಬೇಕು. ಅವ ಒಲ್ಲೆ ಅಂದರೆ ಮತ್ತೆ ಆ ಮನೆಗಳಿಗೇ ಹೋಗಬೇಕು. ಇದರ ಮೇಲೆ ಕೋರ್ಟು. ನನ್ನ ಸೊಪ್ಪು ಮುಗಿದರೂ ಅವಳ ಮಾತು ಮುಗಿಯಲಿಲ್ಲ.

"ಕಡೀಗೆ ಯಾರ ಕೈ ಮೇಲ?" ಅಂದೆ.

"ಯಾರದೂ ಇಲ್ರೀ."

"ಯಾರ ಕೈನೂ ಮೇಲಿಲ್ಲದ ಮನಿ ನಡೀತದೇನು?"

ಮತ್ತೆ ಮೊದಲಿಂದ ಹೇಳಿದಳು. ತಿಳೀಲಿಲ್ಲ ಅಂದೆ. ಅವಳ ಮುಖ ಇಳೀತು. ಇಳಿಯಲಿ ಅಂತ ಸೊಪ್ಪಿನ ಕಡ್ಡಿ ಬಾಚಿ ಹಾಕಿ, ಆಮೇಲೆ ಕೇಳಿದೆ:

"ನಿನಗ ರೊಟ್ಟಿ ಬಡಿಯಾಕ ಹೆಂಗ ಕಲಿಸಿದೆ?"

"ನೀವೆಲ್ಲಿ ಕಲಿಸಿದ್ರಿ? ಹಿಟ್ಟು ಕೈಯಾಗ ಕೊಟ್ಟು ಬಾಜೂಕ ನಿಂತ್ರಿ. ಹದಿನಾಕು ಹರದ್ವು."

"ಹದಿನೈದನೇದು?"

"ಬಂತು."

"ನಡುವ ನಾ ಬಾಯಿ ಹಾಕಿದ್ದೆನೇನು?"

"ಒಮ್ಮೆ ಹಾಕಿದ್ರಿ. ನಿಮ್ಮವ್ವ ಏನ ಕಲಿಸಿ ಕಳಿಸ್ಯಾಳ ಅಂದ್ರಿ."

"ಅದು ಪಾಠ ಅಲ್ಲ, ಬರೇ ಮಾತು. ನಿನ್ನ ಮಕ್ಕಳಿಗೂ ಹಿಟ್ಟು ಕೊಡು."

ಅವಳು ಕಾಗದದ ಕಟ್ಟು ಮುಚ್ಚಿಟ್ಟಳು.

ಭಾನುವಾರ ಕೆಂಟನ್ನಿನ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ಊಟ. ನಮ್ಮ ಧಾರವಾಡದ ಕಡೆಯವರು, ಕುಂದಾಪುರದ ಎರಡು ಮನೆಯವರು. ದೊಡ್ಡವರು ಹಿಂದಿನ ಕೋಣೆಯಲ್ಲಿ ಹರಟುತ್ತಿದ್ದರು. ಸೊಸೆ ಹದಿನಾಲ್ಕು ಮಕ್ಕಳನ್ನು ಮುಂದಿನ ಕೋಣೆಗೆ ಕರೆದಳು. ಐದು ಮಂದಿಯನ್ನು ಸೋಫಾದ ಮೇಲೆ ಒತ್ತಿ ಕೂರಿಸಿದಳು, ಅದು ಸಣ್ಣ ಮನೆ. ಒಂಬತ್ತು ಮಂದಿ ಚಾಪೆಯ ಮೇಲೆ, ಅದು ದೊಡ್ಡ ಮನೆ. ನಾನು ಅಧ್ಯಕ್ಷೆ. ನಿಯಮಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದಳು. "ಒಂದು ಕಾಯ್ದೆ ಮಾಡ್ರಿ," ಅಂದು ಹಿಂದೆ ಸರಿದಳು.

ಚಾಪೆಯ ಮೇಲಿನ ಎತ್ತರದ ಹುಡುಗಿಯೊಬ್ಬಳು ತಡ ಮಾಡಲಿಲ್ಲ. ಮುಂದಿನ ತಿಂಗಳು ರೊಟ್ಟಿ ಬೇಡ, ಪಿಜ್ಜಾ ಬೇಕು. ಈ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಮೊದಲು ಬರೋದು ಇಂಗ್ಲಿಷು. ಚಾಪೆಯಲ್ಲಿ ಎಂಟು ಕೈ ಎದ್ದವು. ಸೋಫಾದಲ್ಲಿ ಮೂರು. ಎರಡೂ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಕಾಯ್ದೆ ನನ್ನ ಮುಂದೆ ಬಂತು.

ಸೌತ್‌ಹಾಲಿನಿಂದ ಜೋಳದ ಹಿಟ್ಟು ಹೊತ್ತು ತರೋಳು ನಾನು. ಒಲ್ಲೆ ಅಂದೆ.

"ಅಜ್ಜಿ, ನಾಟ್ ಫೇರ್."

"ಫೇರೋ ಗೀರೋ, ಗೋಡಿ ಮ್ಯಾಲೆ ಬರದದ, ಓದ್ಕೋರಿ."

ಓದಿಕೊಂಡರು. ಅಧ್ಯಕ್ಷರು ಒಲ್ಲೆ ಅಂದರೆ ಎರಡೂ ಮನೆಯಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಮತ್ತೆ ಕೈ ಎತ್ತಬೇಕು. ಚಾಪೆಗೆ ಆರು ಸಾಕು, ಎಂಟು ಇದ್ದವು. ಸೋಫಾಕ್ಕೆ ನಾಲ್ಕು ಬೇಕು, ಇದ್ದದ್ದು ಮೂರು. ಸೋಫಾದಲ್ಲಿ ಕೈ ಎತ್ತದೆ ಕೂತ ಕುಂದಾಪುರದ ಅಕ್ಕತಂಗಿಯರಿಬ್ಬರೂ ನನ್ನ ಕಡೆ. ಅವರಿಬ್ಬರ ಕೈಗೂ ಒಂದೊಂದು ಕರದಂಟು ಇಟ್ಟೆ.

"ಆಂಟಿ, ಇದು ನಡೀತದಾ?" ಅಂತ ಎತ್ತರದವಳು ಕೂಗಿದಳು. "ಈಗ ನಾವೇನ್ ಮಾಡಬೇಕು?"

ಸೊಸೆ ಬಾಯಿ ತೆರೆದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲಿ ಕುಣಿಯೋದು ನನಗೆ ಕಂಡಿತು. ಅದು ಹೊರಗೆ ಬಂದರೆ ನನ್ನ ರೊಟ್ಟಿಗೆ ಕುತ್ತು ಬರುತ್ತದೋ ಇಲ್ಲವೋ, ಗುರುವಾರಕ್ಕಂತೂ ಬರುತ್ತದೆ.

"ಹಿಟ್ಟು ಅವರ ಕೈಯಾಗದ," ಅಂದೆ. "ನೀ ಸುಮ್ನಿರು."

ಅವಳು ಸೀರೆಯ ಸೆರಗು ಹಿಂಡುತ್ತಾ ನಿಂತಳು. ಮಕ್ಕಳು ಗದ್ದಲ ಹಾಕಿದವು, ಒಬ್ಬರಿಗೊಬ್ಬರು ಬೈದುಕೊಂಡವು. ಆಮೇಲೆ ಎತ್ತರದವಳು ಚಾಪೆ ಬಿಟ್ಟೆದ್ದು ಸೋಫಾದ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು, ನಿನಗೇನು ಬೇಕು ಅಂತ ಕೇಳಿದಳು. ಅವಳಿಗೆ ರೊಟ್ಟಿ ಹೋಗಬಾರದು, ಅಷ್ಟೇ. ಹೊಸದಾಗಿ ಬರೆದರು: ಪಿಜ್ಜಾ ಬರಲಿ, ರೊಟ್ಟಿಯೂ ಇರಲಿ, ಆದರೆ ತಿನ್ನೋ ರೊಟ್ಟಿಯನ್ನು ಅವರವರೇ ಬಡಿಯಬೇಕು.

ಎರಡೂ ಮನೆ ದಾಟಿ ಮತ್ತೆ ನನ್ನ ಮುಂದೆ ಬಂತು. ಒಪ್ಪಬಹುದಿತ್ತು. ಹಗ್ಗ ಗಟ್ಟಿ ಐತೋ ನೋಡೋಣ ಅಂತ ಮತ್ತೆ ಒಲ್ಲೆ ಅಂದೆ. ಚಾಪೆಯಲ್ಲಿ ಒಂಬತ್ತೂ ಕೈ ಎದ್ದವು. ಸೋಫಾದಲ್ಲಿ ನಾಲ್ಕು. ನಾಲ್ಕನೆಯ ಕೈಯಲ್ಲಿ ನನ್ನ ಕರದಂಟು ಇತ್ತು.

"ಇನ್ನ ನಾ ಏನ ಮಾಡಬಹುದು?" ಸೊಸೆಯನ್ನು ಕೇಳಿದೆ.

"ಏನೂ ಇಲ್ರೀ ಅತ್ತ್ಯಾರ. ಮುಗೀತು."

ಸಿಟ್ಟು ಬಂತು. ಆದರೆ ಆಗ ತಿಳೀತು. ಯಾರ ಕೈನೂ ಮೇಲಿಲ್ಲ ಅಂದರೆ ಯಾರೂ ಕೈ ಕಟ್ಟಿ ಕೂರೋ ಹಂಗಿಲ್ಲ, ಇನ್ನೊಬ್ಬರ ಹತ್ತಿರ ಎದ್ದು ಹೋಗಿ ಕೇಳಲೇಬೇಕು.

ಗುರುವಾರ ಸಂಜೆ ಸೊಸೆ ಬಂದು ಬೂಟು ಬಿಚ್ಚುತ್ತಿರುವಾಗ ಕೇಳಿದೆ, "ಹೆಂಗಾತು?"

"ಕ್ಲಾಸಿನ್ಯಾಗೂ ಎರಡು ಮನಿ ಮಾಡಿ ಕುಂದ್ರಿಸಿದ್ದೆ. ಒಬ್ಬಾಕಿ ನಿಮ್ಮಂಗ ಕೇಳಿದ್ಲ್ರೀ, ಕಡೀಗೆ ಯಾರ ಕೈ ಮೇಲ ಅಂತ."

"ನೀ ಏನಂದಿ?"

"ಏನೂ ಅನ್ಲಿಲ್ಲ. ಇಡೀ ಕ್ಲಾಸು ನನ್ನ ಮಾರಿ ನೋಡಾಕತ್ತಿತ್ತು. ಹಿಂದ ಕೂತ ಅಕ್ಕೋರು ಪೆನ್ನು ಎತ್ತಿದ್ರು. ನಾಲಿಗಿ ಕಚ್ಚಿಕೊಂಡು ನಿಂತೆ. ಎರಡು ನಿಮಿಷ ಆಗಿರಬೇಕು, ಎರಡು ವರ್ಷ ಆದಂಗ ಆತು. ಆಮ್ಯಾಲೆ ಬಾಜೂಕಿನಾಕಿ ಎದ್ದು, ಅದನ್ನೇನ ಕೇಳ್ತಿ, ಮೊದಲ ಆ ಕಡೆಯವರಾಗ ಇಬ್ಬರನ್ನ ಒಲಿಸ್ಕೊಂಡು ಬಾ ಅಂದ್ಲು."

"ಅಕ್ಕೋರು?"

"ಪಾಸು."

ಅಡಿಗೆಮನೆಗೆ ಹೋಗಿ ಅವಳೇ ಚಹಾಕ್ಕೆ ಇಟ್ಟಳು. ಎರಡು ಬಟ್ಟಲು ಕುಡಿದಳು.

ಮುಂದಿನ ತಿಂಗಳು ಪಿಜ್ಜಾ ಬಂತು. ಮಕ್ಕಳು ಬಡಿದ ರೊಟ್ಟಿ ಒಂದೂ ದುಂಡಗಿರಲಿಲ್ಲ, ಅವರವರದನ್ನು ಅವರವರೇ ತಿಂದರು. ಪಿಜ್ಜಾ ನಾನೂ ತಿಂದೆ. ಶೇಂಗಾ ಚಟ್ನಿ ಹಾಕಿಕೊಂಡರೆ ಗಂಟಲಲ್ಲಿ ಇಳಿಯುತ್ತದೆ.

ಎತ್ತರದ ಹುಡುಗಿ ಎದ್ದು ನಿಂತು, ಈ ಸಲ ಅಜ್ಜಿಯನ್ನೇ ಅಧ್ಯಕ್ಷಗಿರಿಯಿಂದ ತೆಗೀತೀವಿ ಅಂದಳು.

"ಅದಕ್ಕೂ ಪದ್ಧತಿ ಐತೇನು?" ಸೊಸೆಯನ್ನು ಕೇಳಿದೆ.

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಹೊಸ ಕಾಗದ ಅಂಟಿಸಿದ್ದಳು.

"ಹಂಗಾರ ಪದ್ಧತಿ ಪ್ರಕಾರ ಬರ್ರಿ," ಅಂದೆ. "ಅಲ್ಲೀತನಕ ನಾ ಈ ಕುರ್ಚಿ ಬಿಟ್ಟು ಏಳೂದಿಲ್ಲ."