ಹಂಡೆಯ ಮೇಲಿನ ಹೈದರಾಬಾದು

ನಮ್ಮ ಬಚ್ಚಲಮನೆಯ ಹಂಡೆಗೆ ಒಂದು ಹಳೆಯ ತಗಡಿನ ಬೋರ್ಡೇ ಮುಚ್ಚಳ. ಕಾಲು ತೊಳೆಯಲು ಬಂದವರು ಓದಬಾರದೆಂದು ಅದನ್ನು ಅಕ್ಷರ ಕೆಳಗಾಗುವಂತೆ ಕವುಚಿಡುತ್ತಿದ್ದೆ. ಅದರ ಕಥೆಯನ್ನು ಇಂದು ನಿಮ್ಮ ಮುಂದೆ ಮಗುಚುತ್ತೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಎಪ್ಪತ್ತರ ದಶಕದಲ್ಲಿ ದೇವದುರ್ಗದ ವಕೀಲರೊಬ್ಬರ ಗುಮಾಸ್ತನಾಗಿದ್ದೆ. ಅವರು ಹೈದರಾಬಾದಿನಲ್ಲಿ ಓದಿದವರು. ಕಕ್ಷಿದಾರರು ಅವರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವುದನ್ನು ದಿನವೂ ನೋಡಿ, ವಕೀಲಿಕೆಯ ಬಲವಿರುವುದು ಕಾಯ್ದೆಯಲ್ಲಲ್ಲ, ಅದಕ್ಕೂ ಮೊದಲು ಓದಿದ ಕಾಲೇಜಿನಲ್ಲಿ ಎಂದು ನನ್ನ ಅರೆಬೆಂದ ಬುದ್ಧಿ ತೀರ್ಪು ಕೊಟ್ಟಿತು. ಅವರ ಪಡಸಾಲೆಯನ್ನು ಆಗತಾನೇ ಸಗಣಿಯಿಂದ ಸಾರಿಸಿರುತ್ತಿದ್ದರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ತಮ್ಮ ಶರಣಪ್ಪನಿಗೆ ಇತಿಹಾಸವೆಂದರೆ ಪ್ರಾಣ, ರಾಯಚೂರಿನಲ್ಲೇ ಬಿ.ಎ. ಮುಗಿಸಿ ವಕೀಲನಾಗುವ ಆಸೆ. "ರಾಯಚೂರಿಗೆ ಮೆಣಸಿನಕಾಯಿ ಮಾರಾಕೂ ಹೋಗ್ತಾರ ಲೇ!" ಎಂದು ಗದರಿ, ಕೇಳಲು ಇನ್ನೂ ಭಾರವಾಗಿರಲೆಂದು ಬಿ.ಎಸ್ಸಿ.ಗೆ ಹೈದರಾಬಾದಿಗೆ ಅಟ್ಟಿದೆ. ಬಸ್ಸಿನ ಕಿಟಕಿಯಿಂದ ಅವನು ನನ್ನತ್ತ ತಿರುಗಲಿಲ್ಲ.

ಮುಂದೆ ಕಾಯ್ದೆಯನ್ನೂ ಓದಿ ಅವನು ಮಾನ್ವಿಯಲ್ಲಿ ಕಚೇರಿ ತೆರೆದಾಗ ಬೋರ್ಡು ಬರೆಸಿದವನು ನಾನೇ. ಹೆಸರು ಇರುವೆಯಷ್ಟು, 'ಬಿ.ಎಸ್ಸಿ., ಹೈದರಾಬಾದ್' ಎಮ್ಮೆಯಷ್ಟು. ಉಳಿದ ಮೂಲೆಯಲ್ಲಿ 'ವಕೀಲರು' ಮುದುಡಿ ಕುಳಿತಿತು. ಜನ ದೊಡ್ಡದನ್ನಷ್ಟೇ ಓದಿದರು. ಕಲ್ಲೂರಿನವನೊಬ್ಬ ಬಾವಿಯ ನೀರನ್ನು ಸೀಸೆಯಲ್ಲಿ ತಂದ. ಮತ್ತೊಬ್ಬ ಚೇಳು ತಂದು, ಇದು ಗಂಡೋ ಹೆಣ್ಣೋ ಎಂದು ಕೇಳಿದ. ಕೇಸು ಮಾತ್ರ ಯಾರೂ ತರಲಿಲ್ಲ. ಇನ್ನು ಕರಿಕೋಟು ಮಡಚಿಟ್ಟು ಎಲ್ಲಾದರೂ ನೌಕರಿಗೆ ಸೇರುತ್ತೇನೆಂದು ಶರಣಪ್ಪ ಅನ್ನತೊಡಗಿದ.

ಅಷ್ಟರಲ್ಲಿ ಚೀಕಲಪರ್ವಿಯ ಮುದುಕಿಯೊಬ್ಬಳು ಹಾಲಿನ ಹಿತ್ತಾಳೆ ಚೆಂಬು ಹಿಡಿದು ಬಂದಳು.

"ಯಪ್ಪಾ, ದಿನಾ ಹಾಲು ಒಡಿಯಾಕತ್ತದ. ಬಾಜೂಮನಿಯಾಕಿ ಏನೋ ಹಾಕ್ಯಾಳ."

"ಯವ್ವಾ, ನಾ ವಕೀಲ."

"ಇರ್ಲಿ ಬಿಡಪ್ಪಾ, ನಾ ಯಾರ ಮುಂದೂ ಹೇಳಂಗಿಲ್ಲ."

ಬಾಜೂಮನೆಯವಳ ಮೇಲೆ ಕೇಸು ಹಾಕಿಸಬಹುದೆಂದು ನಾನು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ಶರಣಪ್ಪನೋ ಚೆಂಬಿನೊಳಗೆ ಬೆರಳಾಡಿಸಿ, "ಹುಣಸಿಹಣ್ಣು ಹಚ್ಚಿ ತಿಕ್ಕಿ, ಸರಿಯಾಗಿ ತೊಳೆದಿಲ್ಲ ನೋಡಬೇ. ಬಾಜೂಮನಿಯಾಕಿ ತಪ್ಪೇನಿಲ್ಲ," ಎಂದುಬಿಟ್ಟ.

"ಬಂದ ಒಂದು ಕೇಸನ್ನೂ ತೊಳದಿ ಲೇ!" ಎಂದು ತಲೆ ಚಚ್ಚಿಕೊಂಡೆ.

ಆದರೆ ಆ ಮುದುಕಿ ಊರಲ್ಲಿ ಸುಮ್ಮನಿರಲಿಲ್ಲ. ಹೊಲದ ಒಡ್ಡಿಗಾಗಿ ಅಲ್ಲಿನ ಎರಡು ಮನೆಗಳು ಬಡಿದಾಡಿಕೊಂಡಾಗ, ವಾದಿ ಪ್ರತಿವಾದಿ ಇಬ್ಬರೂ ಒಂದೇ ಬಂಡಿಯಲ್ಲಿ ಬಂದಿಳಿದು, ಸುಳ್ಳು ಹೇಳದ ಈ ವಕೀಲ ತಮಗೇ ಬೇಕೆಂದು ನಮ್ಮ ಕಟ್ಟೆಯ ಮೇಲೆ ಇನ್ನೊಮ್ಮೆ ಜಗಳಕ್ಕೆ ನಿಂತರು! ಅಂದಿನಿಂದ ಅವನ ಕರಿಕೋಟಿಗೆ ಮಡಚಿಕೊಳ್ಳಲು ಪುರಸೊತ್ತಿಲ್ಲ.

"ನೋಡ್ದಿ, ಹೈದರಾಬಾದು!" ಎಂದು ಬೀಗಿದೆ.

"ಅಣ್ಣಾ, ಹುಣಸಿಹಣ್ಣಿನ ಮಾತು ಕಲಿಸಿದಾಕಿ ಅವ್ವ," ಎಂದಷ್ಟೇ ಹೇಳಿ, ಬೋರ್ಡು ಬಿಚ್ಚಿ ನನ್ನ ಕೈಗಿತ್ತ.

ಅವನಿಂದ ಕಸಿದ ಆ ಇತಿಹಾಸದ ವರ್ಷಗಳನ್ನು ಯಾವ ಕೋರ್ಟಿನಲ್ಲಿ ದಾವೆ ಹೂಡಿ ಕೊಡಿಸಲಿ? ಕ್ಷಮೆ ಕೇಳಲು ಬಾಯಿ ಬಾರದೆ ಬೋರ್ಡನ್ನು ಹಂಡೆಗೆ ಕವುಚಿದವನು ನಾನು. ಮೊನ್ನೆ ಊಟಕ್ಕೆ ಬಂದ ಶರಣಪ್ಪ ಕಾಲು ತೊಳೆಯಲು ಮುಚ್ಚಳ ತೆಗೆದು, ಓದಿ, ಬಚ್ಚಲು ಮೊಳಗುವಂತೆ ನಕ್ಕ. ಮತ್ತೆ ಮುಚ್ಚುವಾಗ ಅಕ್ಷರಗಳನ್ನು ಮೇಲಕ್ಕೆ ಮಾಡಿಟ್ಟ.

ಈಗ ನಾನೂ ಹಾಗೆಯೇ ಇಡುತ್ತೇನೆ. ಬಂದವರು ಓದಲಿ.