ಮಗಳ ಎಡಗಣ್ಣು

ಗಂಡನ ಬ್ಯಾಂಕಿನ ವರ್ಗಾವಣೆ ನಮ್ಮನ್ನು ಸೂರತ್‌ನ ಅಡಾಜಣ್‌ಗೆ ತಂದಿತ್ತು. ಮಗಳು ಇಲ್ಲೇ ಓದಿ, ಸೀರೆ ಕಾರ್ಖಾನೆಯೊಂದರಲ್ಲಿ ಡಿಸೈನರ್ ಆದಳು. ಕನ್ನಡಕ ಅವಳಿಗೆ ಹಿಡಿಸದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತಿದ್ದಳು.

ಒಂದು ಮಳೆಗಾಲ ಅವಳ ಎಡಗಣ್ಣು ಕೆಂಪಾಯಿತು. ಹತ್ತಿರದ ಡಾಕ್ಟರು ವೈರಸ್ ಸೋಂಕೆಂದು ಔಷಧಿ ಕೊಟ್ಟರು. ನೋವು ಇಳಿಯಲಿಲ್ಲ. ನೋಡುವವರಿಗೆ ಕಣ್ಣು ಬರೀ ಕೆಂಪು. ಅವಳು ಮಾತ್ರ ದಿಂಬು ಕಚ್ಚಿಕೊಂಡು ಅಳುತ್ತಿದ್ದಳು.

"ಅಮ್ಮಾ, ಪರದಾ ಬಂದ್ ಮಾಡು. ಲೈಟ್ ಚುಚ್ಚತ್ತೆ."

ಮತ್ತೆ ಅದೇ ಡಾಕ್ಟರ ಬಳಿ ಕರೆದೊಯ್ದೆ. "ಇಷ್ಟು ಕೆಂಪಿಗೆ ಇಷ್ಟೊಂದು ನೋವು ಇರುತ್ತಾ?" ಎಂದು ಕೇಳಿದೆ.

"ನಿಮ್ಮ ಮಗಳು ಸ್ವಲ್ಪ ನಾಜೂಕು," ಎಂದು ನಕ್ಕು, ಉರಿ ಇಳಿಸಲು ಬೇರೆ ಡ್ರಾಪ್ಸ್ ಬರೆದುಕೊಟ್ಟರು. ಕೆಲವು ದಿನ ಹಾಯೆನಿಸಿತು. ಆಮೇಲೆ ಕಪ್ಪುಗುಡ್ಡೆಯ ಮೇಲೆ ಬಿಳಿ ಉಂಗುರವೊಂದು ಕಾಣಿಸಿಕೊಂಡಿತು.

ಅಹಮದಾಬಾದಿಗೆ ಓಡಿದೆವು. ರೈಲಿನಲ್ಲಿ ಅವಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ನನ್ನ ತೊಡೆಯ ಮೇಲೆ ಮಲಗಿದ್ದಳು. ಅಲ್ಲಿನ ಕಣ್ಣಿನ ತಜ್ಞೆ ಪರೀಕ್ಷೆಗೆ ಮೊದಲೇ ಹಿಂದಿಯಲ್ಲಿ ವಿಚಾರಿಸಿದರು: "ಬೇಟಾ, ಲೆನ್ಸ್ ಯಾವುದರಲ್ಲಿ ತೊಳೀತೀಯ?"

"ಸೊಲ್ಯೂಷನ್‌ನಲ್ಲಿ. ಅದು ಮುಗಿದಾಗ ನಲ್ಲಿ ನೀರಲ್ಲಿ."

ಆಕೆ ಬರೆಯುವುದನ್ನು ನಿಲ್ಲಿಸಿದರು. ಇಷ್ಟು ವಾರಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಕಣ್ಣಿನ ಮೇಲ್ಪದರವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಮೀಬಾ. ನೀರಿನಲ್ಲಿರುವ ಆ ಜೀವಿ ಲೆನ್ಸಿನ ಜೊತೆ ಕಣ್ಣು ಸೇರಿ, ಕಾರ್ನಿಯಾವನ್ನು ತಿನ್ನುತ್ತಿತ್ತು. ಮೊದಲು ಹಾಕಿದ್ದ ಡ್ರಾಪ್ಸ್ ಉರಿಯನ್ನಷ್ಟೇ ಮುಚ್ಚಿಟ್ಟು ಅದಕ್ಕೆ ಬೆಳೆಯಲು ದಾರಿ ಮಾಡಿಕೊಟ್ಟಿತ್ತು.

"ಶುರುವಿನಲ್ಲೇ ಗೊತ್ತಾಗಿದ್ರೆ..." ಎನ್ನುತ್ತಾ ಔಷಧಿ ಚೀಟಿ ಬರೆಯತೊಡಗಿದರು.

ಗಂಟೆಗೊಮ್ಮೆ ಔಷಧಿ ಹಾಕಿದೆವು. ಹನಿ ಬಿದ್ದಾಗಲೆಲ್ಲ ಅವಳು ನನ್ನ ಮಣಿಕಟ್ಟು ಹಿಡಿದು ಹಿಂಡುತ್ತಿದ್ದಳು. ತಿಂಗಳುಗಟ್ಟಲೆ ಹೀಗೆ ನಡೆದು ಸೋಂಕು ವಾಸಿಯಾಯಿತು. ದೃಷ್ಟಿಯನ್ನು ಮಾತ್ರ ಬಿಳಿ ಕಲೆ ಮುಚ್ಚಿತ್ತು. ಯಾರೋ ದಾನ ಮಾಡಿದ ಕಾರ್ನಿಯಾ ಕೂರಿಸಿದರು. ಬ್ಯಾಂಡೇಜ್ ಬಿಚ್ಚಿದ ದಿನ ಅವಳು ಬಲಗಣ್ಣು ಮುಚ್ಚಿಕೊಂಡು ನನ್ನ ಹಣೆಯ ಕುಂಕುಮ ನೋಡಿ, "ಕೆಂಪು!" ಎಂದು ಕೂಗಿದಳು. ಗಂಡ ಬಾಗಿಲಾಚೆ ಹೋಗಿ ಅತ್ತರು. ವರ್ಷ ತುಂಬುವುದರೊಳಗೆ ಆ ಕಾರ್ನಿಯಾವೂ ಮಬ್ಬಾಯಿತು. ಇನ್ನೊಮ್ಮೆ ಕೂರಿಸಿದರೂ ಉಳಿಯುವ ಭರವಸೆ ಇಲ್ಲವೆಂದು ತಜ್ಞೆ ನಮ್ಮಿಬ್ಬರನ್ನು ಒಳಗೆ ಕರೆದು ಹೇಳಿದರು.

ಹೊರಗೆ ಬೆಂಚಿನ ಮೇಲೆ ಮಗಳು ಕಾಯುತ್ತಿದ್ದಳು. "ಸಚ್ ಹೇಳು ಅಮ್ಮಾ, ವಾಪಸ್ ಬರತ್ತಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಇಲ್ಲ ಪುಟ್ಟಿ," ಎಂದೆ.

ಅವಳು ತಲೆಯಾಡಿಸಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಚಪ್ಪಲಿಗಾಗಿ ಕಾಲಿನಿಂದ ತಡಕಾಡತೊಡಗಿದಳು.