ಗರಿಕೆಯ ಎಣಿಕೆ

ನಾನು ನಿಂತಿದ್ದದ್ದು ಮಲ್ಲೇಶ್ವರದ ನಮ್ಮ ಕಾಲೇಜಿನ ಹಿಂದಿನ ಹುಲ್ಲುಬಯಲಲ್ಲಿ, ನಾಲ್ಕನೆಯ ಗೂಡಿನ ಬಾಗಿಲಿಂದ ಎರಡು ಹೆಜ್ಜೆ ಈಚೆಗೆ. ನಾಲ್ಕು ವರ್ಷದ ಹಿಂದಿನ ಗೌರಿ ಹಬ್ಬ, ಬೆಳಗ್ಗೆ ಆರೂಕಾಲು. ಬೆಳಕು ಚೆನ್ನಾಗಿಯೇ ಇತ್ತು.

ಗೂಡು ಎಂದರೆ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮೇಲೆ ತೆರೆದು ಬಿಟ್ಟ ಹುಲ್ಲಿನ ತುಂಡು. ಅಂಥವು ಆರು. ಮೂರಕ್ಕೆ ಪೈಪಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಬಿಡುತ್ತಿದ್ದೆವು, ಮುಂದೊಂದು ದಿನ ಗಾಳಿ ಹೇಗಿರಬಹುದೋ ಹಾಗೆ. ಉಳಿದ ಮೂರಕ್ಕೆ ಇವತ್ತಿನ ಗಾಳಿ. ಯಾವ ಗಿಡ ಹೆಚ್ಚುತ್ತದೆ, ಯಾವುದು ಸೋಲುತ್ತದೆ ಎಂದು ತಿಂಗಳಿಗೊಮ್ಮೆ ಎಣಿಸುವುದು ಲ್ಯಾಬ್ ಸಹಾಯಕನಾದ ನನ್ನ ಕೆಲಸ. ಎರಡು ವರ್ಷ ಎಣಿಸಿದ್ದೆ. ಪೈಪಿನ ಗೂಡುಗಳಲ್ಲಿ ಹುಳಿಸೊಪ್ಪು ಹೆಚ್ಚಿತ್ತು. ಗರಿಕೆ ಮಾತ್ರ ಆರರಲ್ಲೂ ಹೆಚ್ಚುಕಡಿಮೆ ಒಂದೇ. ಅದನ್ನು ನಂಬಿ ನಮ್ಮ ಸಂಶೋಧನಾ ವಿದ್ಯಾರ್ಥಿನಿ ಪ್ರಬಂಧ ಬರೆದಿದ್ದಳು. ಮುಂದಿನ ವಾರ ಒಪ್ಪಿಸಬೇಕಿತ್ತು.

ಗೂಡಿನೊಳಗೆ, ಎಂಟನೇ ಕ್ರಾಸಿನಲ್ಲಿ ಹೂವು ಮಾರುವ ಅಜ್ಜಿ ಕುಕ್ಕರುಗಾಲಲ್ಲಿ ಕೂತು ಗರಿಕೆ ಕೀಳುತ್ತಿದ್ದರು. ಮಡಿಲಲ್ಲಿ ಇಪ್ಪತ್ತೊಂದರ ಕಟ್ಟುಗಳು.

"ಯಾರು ಬಿಟ್ರಮ್ಮ ಒಳಗೆ?"

"ವಾಚ್‌ಮನ್ನು. ಪ್ರತಿ ಸಂಕಷ್ಟಿಗೂ ಬರ್ತೀನಲ್ಲ ಸ್ವಾಮಿ. ಗಣಪನಿಗೆ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಆರರಿಂದಲೂ ಕೀಳ್ತೀರಾ?"

"ಈ ಮೂರರಿಂದ ಅಷ್ಟೇ. ಆ ಪೈಪಿನವುಗಳಲ್ಲಿ ಗರಿಕೆ ಎಲ್ಲಿದೆ? ಬರೀ ಹುಳಿಸೊಪ್ಪು. ಅದನ್ನ ಏರಿಸಿದ್ರೆ ಗಣಪ ಚಟ್ನಿ ಮಾಡ್ಕೊಂಡು ತಿಂತಾನಾ?"

ನಾನು ಮೊಣಕಾಲೂರಿ ನೋಡಿದೆ. ಗರಿಕೆ ಕಿತ್ತ ಮೊಂಡು ತುದಿಗಳು ಸಾಲಾಗಿದ್ದವು, ಹಳೆಯವು ಕೆಲವು, ಹೊಸವು ಕೆಲವು. ತಿಂಗಳು ತಿಂಗಳೂ ನಾನು ಎಣಿಸಿದ್ದು ಬೆಳೆದ ಗರಿಕೆಯನ್ನಲ್ಲ, ಅಜ್ಜಿ ಬಿಟ್ಟುಹೋದದ್ದನ್ನು. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದೂ ಮನಸ್ಸಿಗೆ ಬಂತು.

ಪ್ರಬಂಧ ಬರೆದ ಹುಡುಗಿಗೆ ಫೋನ್ ಮಾಡಿದೆ. ಏಳು ಗಂಟೆಗೆ ಅವಳು ಹಬ್ಬದ ಸೀರೆಯಲ್ಲೇ ಬಂದಳು. ತುದಿಗಳನ್ನು ಬೆರಳಿಂದ ಸವರಿದಳು.

"ಸರ್, ಮೊದಲೇ ಈ ಅಜ್ಜಿನ ಕೇಳಬೇಕಿತ್ತು," ಎಂದಳು.

ಪ್ರಬಂಧ ಆ ವಾರ ಹೋಗಲಿಲ್ಲ. ಗೂಡುಗಳಿಗೆ ಬೀಗ ಹಾಕಿ ಇನ್ನೊಂದು ವರ್ಷ ಎಣಿಸಿದೆವು. ಪೈಪಿನ ಮೂರರಲ್ಲೂ ಹುಳಿಸೊಪ್ಪಿನ ನೆರಳಲ್ಲಿ ಗರಿಕೆ ತೆಳುವಾಗಿತ್ತು, ಅಜ್ಜಿ ಹೇಳಿದ ಹಾಗೆಯೇ.

ಅವರನ್ನು ಒಳಗೆ ಬಿಟ್ಟ ವಾಚ್‌ಮನ್ ಈಗಿಲ್ಲ. ಆ ತುದಿಗಳನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವರು ನಾನು, ಈಗ ಬೇರೆ ಊರಲ್ಲಿ ಪಾಠ ಮಾಡುವ ಆ ಹುಡುಗಿ, ಮತ್ತು ಎಂಟನೇ ಕ್ರಾಸಿನಲ್ಲಿ ಇನ್ನೂ ಕೂರುವ ಅಜ್ಜಿ.